ಗೋಧಿಯ ಭಂಡಾರ ರೋಗವೂ ಸಾರಜನಕದ ಗೊಬ್ಬರವೂ

ಗೋಧಿಯ ಎಲೆಯ ಮೇಲೂ ದಂಟಿನ ಮೇಲೂ ಕೆಲವು ವರ್ಷ ಕೆಂಪು ಬೆರೆತ ಹಳದಿಯ ಪುಡಿಯೊಂದು ಕಾಣಿಸಿಕೊಳ್ಳುತ್ತದೆ. ಮುಟ್ಟಿದರೆ ಬೆರಳಿಗೆ ಮೆತ್ತುತ್ತದೆ. ಹೊಲದೊಳಗೆ ಒಂದು ಸುತ್ತು ಹಾಕಿ ಬಂದರೆ ಧೋತರದ ಅಂಚು ಬಣ್ಣ ಹಿಡಿಯುತ್ತದೆ. ಇಂಗ್ಲಿಷಿನವರು ಇದಕ್ಕೆ ಕಬ್ಬಿಣದ ತುಕ್ಕಿನ ಹೆಸರಿಟ್ಟರು. ನಮ್ಮ ಪಠ್ಯಪುಸ್ತಕಗಳೂ ಅದನ್ನೇ ಅನುವಾದಿಸಿ ‘ತುಕ್ಕು ರೋಗ’ ಎಂದವು. ಆದರೆ ಧಾರವಾಡ, ವಿಜಯಪುರಗಳ ಕಡೆಯ ರೈತರು ಇದನ್ನು ‘ಭಂಡಾರ’ ಎನ್ನುತ್ತಾರೆ. ಮೈಲಾರಲಿಂಗನ ಜಾತ್ರೆಯಲ್ಲಿ ಭಕ್ತರು ತೂರುವ ಅರಿಶಿನದ ಪುಡಿಯೇ ಭಂಡಾರ. ಬೆಳೆಯನ್ನು ನುಂಗುವ ರೋಗಕ್ಕೆ ದೇವರ ಪ್ರಸಾದದ ಹೆಸರನ್ನು ಕೊಟ್ಟ ನಮ್ಮ ಹಿರಿಯರ ಮನಸ್ಸು ಎಂಥದೋ! ಹೆಸರಂತೂ ಸಾರ್ಥಕವಾಗಿದೆ. ಗಾಳಿ ಬೀಸಿದಾಗ ಆ ಹೊಲದಿಂದ ಏಳುವ ಧೂಳು ಜಾತ್ರೆಯ ಬಯಲನ್ನೇ ನೆನಪಿಗೆ ತರುತ್ತದೆ.

ಸಂಸ್ಕೃತದ ಲಾಕ್ಷಣಿಕರು ಬೆಳೆಗೆ ಬರುವ ‘ಈತಿ’ಗಳು ಆರು ಎಂದು ಎಣಿಸಿದ್ದಾರೆ: ಅತಿವೃಷ್ಟಿ, ಅನಾವೃಷ್ಟಿ, ಇಲಿ, ಮಿಡತೆ, ಗಿಳಿ, ಗಡಿಗೆ ಬಂದು ಕೂತ ಶತ್ರುರಾಜ. ಈ ಆರರಲ್ಲಿ ಭಂಡಾರವಿಲ್ಲ. ಇಲಿ, ಗಿಳಿಗಳು ಕಣ್ಣಿಗೆ ಕಾಣುತ್ತವೆ, ರಾಜನ ದಂಡಂತೂ ಕಂಡೇ ಕಾಣುತ್ತದೆ. ಕಣ್ಣಿಗೆ ಕಾಣದ ಶತ್ರುವನ್ನು ಎಣಿಸುವವರು ಯಾರು? ಹಾಗೆಂದು ನಮ್ಮವರಿಗೆ ಪೈರಿನ ರೋಗಗಳೇ ತಿಳಿಯದೆಂದು ಭಾವಿಸಬಾರದು. ಪಾಲಿ ಭಾಷೆಯ ವಿನಯಪಿಟಕದಲ್ಲಿ ಭತ್ತದ ಗದ್ದೆಗೆ ಬೀಳುವ ಬಿಳಿ ರೋಗವನ್ನೂ ಕಬ್ಬಿಗೆ ಬೀಳುವ ಮಂಜಿಷ್ಠವರ್ಣದ ಕೆಂಪು ರೋಗವನ್ನೂ ಉಪಮೆಯಾಗಿ ಹೇಳಿದೆ. ಕ್ರಿ.ಶ. 1025ರಲ್ಲಿ ನಮ್ಮ ಚಾವುಂಡರಾಯನು ಕನ್ನಡದಲ್ಲಿ ಬರೆದ ‘ಲೋಕೋಪಕಾರ’ದಲ್ಲಿ ವೃಕ್ಷಾಯುರ್ವೇದಕ್ಕೇ ಒಂದು ಅಧ್ಯಾಯ ಮೀಸಲಾಗಿದೆ.

ರೋಮನರಂತೂ ಈ ರೋಗಕ್ಕೆ ಒಬ್ಬ ದೇವರನ್ನೇ ಕಲ್ಪಿಸಿಕೊಂಡಿದ್ದರು. ಅವನ ಹೆಸರು ರೋಬಿಗಸ್. ಪ್ರತಿ ವರ್ಷ ಏಪ್ರಿಲ್ 25ರಂದು ಅವನ ಹಬ್ಬ; ಅಂದು ಕೆಂಪು ಬಣ್ಣದ ನಾಯಿಯನ್ನು ಬಲಿ ಕೊಟ್ಟು, ‘ನಮ್ಮ ಪೈರನ್ನು ಬಿಟ್ಟುಬಿಡು’ ಎಂದು ಬೇಡಿಕೊಳ್ಳುತ್ತಿದ್ದರು. ಕೆಂಪು ರೋಗಕ್ಕೆ ಕೆಂಪು ಬಲಿ. ಕ್ರಿಸ್ತಪೂರ್ವದಲ್ಲಿಯೇ, ಅರಿಸ್ಟಾಟಲನ ಶಿಷ್ಯನಾದ ಥಿಯೊಫ್ರಾಸ್ಟಸ್ ಎಂಬ ಗ್ರೀಕ್ ಪಂಡಿತನು ದೇವರನ್ನು ಬದಿಗಿರಿಸಿ ಹೊಲವನ್ನು ನೋಡಿದ್ದನು. ಗಾಳಿಯಾಡುವ ಎತ್ತರದ ನೆಲದಲ್ಲಿ ಈ ರೋಗ ಕಡಮೆ, ಗಾಳಿ ಸುಳಿಯದ ತಗ್ಗಿನಲ್ಲಿ ಹೆಚ್ಚು ಎಂಬುದು ಅವನ ಮಾತು. ಇಂದಿನ ಶಾಸ್ತ್ರಜ್ಞರೂ ಇದನ್ನು ಅಲ್ಲಗಳೆಯುವುದಿಲ್ಲ.

ಈ ಎಲ್ಲ ಕಾಲದಲ್ಲಿಯೂ ರೈತರಿಗೆ ಒಂದು ಸಂಗತಿ ಬಿಡಿಸಲಾರದ ಒಗಟಾಗಿತ್ತು. ಬಡಕಲು ಹೊಲಕ್ಕೆ ರೋಗ ಬಂದರೆ ಆಶ್ಚರ್ಯವಿಲ್ಲ. ಆದರೆ ಭಂಡಾರ ಹಾಗಲ್ಲ. ಊರಿಗೇ ಚೆಂದವಾಗಿ, ಕಡುಹಸಿರಾಗಿ, ದಟ್ಟವಾಗಿ ಎದ್ದ ಹೊಲವನ್ನೇ ಹುಡುಕಿಕೊಂಡು ಬರುತ್ತದೆ. ನಮ್ಮ ಹಳ್ಳಿಗಳಲ್ಲಿ ಇದಕ್ಕೆ ಸಿದ್ಧವಾದ ಉತ್ತರವಿದೆ: ದೃಷ್ಟಿ ತಾಕಿತು. ನೋಡಿದ್ದು ಸುಳ್ಳಲ್ಲ, ಕೊಟ್ಟ ಕಾರಣ ಬೇರೆಯಾಯಿತು ಅಷ್ಟೆ. ಹುಲುಸಾದ ಹೊಲಕ್ಕೇ ರೋಗವೇಕೆ ಎಂಬ ಈ ಪ್ರಶ್ನೆಗೆ ಉತ್ತರ ಹುಡುಕಲು ವಿದ್ವಾಂಸರಿಗೆ ನೂರಾರು ವರ್ಷ ಹಿಡಿಯಿತು. ಆ ಕಥೆಯೇ ಈ ಲೇಖನದ ವಿಷಯ.

ಮೊದಲು ಕಳ್ಳನನ್ನು ಹಿಡಿಯಬೇಕಾಗಿತ್ತು. 1767ರಲ್ಲಿ ಇಟಲಿಯಲ್ಲಿ ಫೆಲಿಚೆ ಫೊಂಟಾನಾ ಮತ್ತು ತಾರ್ಜೋನಿ ತೊತ್ಸೆಟ್ಟಿ ಎಂಬ ಇಬ್ಬರು ಬೇರೆ ಬೇರೆಯಾಗಿಯೇ ಸೂಕ್ಷ್ಮದರ್ಶಕದಲ್ಲಿ ಈ ಪುಡಿಯನ್ನು ನೋಡಿ, ಇದು ಗೋಧಿಯ ರಸವೂ ಅಲ್ಲ, ಮಂಜಿನ ಕಲೆಯೂ ಅಲ್ಲ, ಗೋಧಿಯ ಮೇಲೆ ಬದುಕುವ ಇನ್ನೊಂದು ಸಸ್ಯ ಎಂದು ಬರೆದರು. ನಾವು ಇಂದು ಶಿಲೀಂಧ್ರವೆಂದು ಕರೆಯುವ ಬೂಷ್ಟಿನ ಜಾತಿಯದು ಅದು. 1805ರಲ್ಲಿ ಇಂಗ್ಲೆಂಡಿನ ಸರ್ ಜೋಸೆಫ್ ಬ್ಯಾಂಕ್ಸ್ ಅವರು ಬೌವರ್ ಎಂಬ ಕಲಾವಿದನಿಂದ ಚಿತ್ರ ಬರೆಸಿ ಒಂದು ಚಿಕ್ಕ ಪುಸ್ತಕ ಪ್ರಕಟಿಸಿದರು. ಗೋಧಿ ಉಸಿರಾಡುವ ಸಣ್ಣ ರಂಧ್ರಗಳ ಮೂಲಕವೇ ಬೂಷ್ಟು ಒಳಹೊಗುತ್ತದೆಂದು ಅದರಲ್ಲಿ ತೋರಿಸಿದರು. ಯುರೋಪಿನ ರೈತರು ಮಾತ್ರ ಇವರಾರನ್ನೂ ಕಾಯದೆ, ಬಾರ್ಬೆರಿ ಎಂಬ ಮುಳ್ಳುಗಿಡ ಬೇಲಿಯಲ್ಲಿದ್ದರೆ ಗೋಧಿ ಕೆಡುತ್ತದೆಂದು ಹಟ ಹಿಡಿದಿದ್ದರು. ಅಮೆರಿಕದ ಕನೆಕ್ಟಿಕಟ್ ಪ್ರಾಂತದಲ್ಲಿ 1726ರಷ್ಟು ಹಿಂದೆಯೇ ಆ ಗಿಡವನ್ನು ಕಡಿಯಲು ಕಾನೂನಾಗಿತ್ತು. ಪಂಡಿತರು ನಕ್ಕರು. 1865ರಲ್ಲಿ ಜರ್ಮನಿಯ ಡಿ ಬಾರಿ ಎಂಬುವರು ಈ ಬೂಷ್ಟು ತನ್ನ ಜೀವನದ ಒಂದು ಭಾಗವನ್ನು ಗೋಧಿಯಲ್ಲಿಯೂ ಇನ್ನೊಂದು ಭಾಗವನ್ನು ಬಾರ್ಬೆರಿಯಲ್ಲಿಯೂ ಕಳೆಯುತ್ತದೆಂದು ಸಿದ್ಧಪಡಿಸಿದಾಗ ನಗು ನಿಂತಿತು. ನಮ್ಮ ಆಯುರ್ವೇದದ ದಾರುಹರಿದ್ರೆ ಈ ಬಾರ್ಬೆರಿಯ ದಾಯಾದಿ. ಭಂಡಾರಕ್ಕೂ ಹರಿದ್ರೆಗೂ ಇಂಥ ನಂಟು ಇರುವುದು ಪದಗಳ ಬೆನ್ನು ಹತ್ತಿದ ನನ್ನಂಥವನಿಗೆ ಸೋಜಿಗವೆನಿಸುತ್ತದೆ.

ಅದೇ ಶತಮಾನದಲ್ಲಿ ನಮ್ಮ ದೇಶದಲ್ಲಿ ಭಂಡಾರದ ಹಾವಳಿ ಎಷ್ಟಿತ್ತೆಂಬುದನ್ನು ಠಕ್ಕರನ್ನು ಅಡಗಿಸಿದ ಸ್ಲೀಮನ್ ಸಾಹೇಬರು 1844ರಲ್ಲಿ ಪ್ರಕಟಿಸಿದ ತಮ್ಮ ಸಂಚಾರದ ಗ್ರಂಥದಲ್ಲಿ ವರ್ಣಿಸಿದ್ದಾರೆ. ನರ್ಮದೆಯ ಕಣಿವೆಯಲ್ಲಿ ಹರದಾರಿಗಟ್ಟಲೆ ಎಡೆಬಿಡದೆ ಹಬ್ಬಿದ್ದ ಗೋಧಿಯ ಹೊಲಗಳು ಹೇಗೆ ಹಾಳಾದುವೆಂದರೆ, ಕೊಯ್ಲಿನ ಕೂಲಿಯೂ ಹುಟ್ಟದೆಂದು ಜನ ಬಹುಪಾಲು ಹೊಲಗಳನ್ನು ಕೊಯ್ಯದೆಯೇ ಬಿಟ್ಟರಂತೆ. ಇದು ದೈವಕೋಪವೆಂದೇ ಜನರ ನಂಬಿಕೆ. ನರ್ಮದೆಯ ಕರಿಮಣ್ಣು ನಮ್ಮ ನವಲಗುಂದದ ಎರೆಯಂತೆ ಬಲು ಫಲವತ್ತಾದುದು ಎಂಬುದನ್ನು ಇಲ್ಲಿ ಮರೆಯಬಾರದು.

ಇನ್ನು ಗೊಬ್ಬರದ ಮಾತು. ಲಂಡನ್ನಿಗೆ ಉತ್ತರದಲ್ಲಿ ರಾಥಮ್‌ಸ್ಟೆಡ್ ಎಂಬ ಊರಿದೆ. ಅಲ್ಲಿನ ಜಮೀನುದಾರರಾದ ಜಾನ್ ಲಾಸ್ ಮತ್ತು ಅವರ ಜತೆಗಾರ ರಸಾಯನಶಾಸ್ತ್ರಜ್ಞ ಗಿಲ್ಬರ್ಟ್ ಸೇರಿ 1843ರ ಶರತ್ಕಾಲದಲ್ಲಿ ಬ್ರಾಡ್‌ಬಾಕ್ ಎಂಬ ಹೊಲವನ್ನು ಪಟ್ಟೆ ಪಟ್ಟೆಯಾಗಿ ವಿಂಗಡಿಸಿ ಗೋಧಿ ಬಿತ್ತಿದರು. ಒಂದು ಪಟ್ಟಿಗೆ ಏನೂ ಇಲ್ಲ. ಒಂದಕ್ಕೆ ಕೊಟ್ಟಿಗೆಯ ಗೊಬ್ಬರ. ಮಿಕ್ಕವಕ್ಕೆ ಅಮೋನಿಯದ ಲವಣ, ರಂಜಕ, ಪೊಟ್ಯಾಷ್ ಇವುಗಳನ್ನು ಬೇರೆ ಬೇರೆ ರೀತಿಯಲ್ಲಿ ಬೆರೆಸಿ ಕೊಟ್ಟರು. ಆ ಹೊಲದಲ್ಲಿ ಇಂದಿಗೂ ಗೋಧಿ ಬೆಳೆಯುತ್ತಿದೆ. ರಾಜರು ಬಂದರು, ಹೋದರು. ಎರಡು ಮಹಾಯುದ್ಧಗಳು ಮುಗಿದವು. ಪಟ್ಟಿಗಳು ಮಾತ್ರ ನಿಂತಿವೆ. ಪ್ರತಿ ವರ್ಷದ ಕಾಳು, ಹುಲ್ಲುಗಳ ಮಾದರಿಯನ್ನು ಒಣಗಿಸಿ ಜೋಪಾನವಾಗಿ ಇಡುತ್ತ ಬಂದಿದ್ದಾರೆ. ಹಾಗೆ ಇಟ್ಟಿದ್ದ ಹುಲ್ಲನ್ನು ಪರೀಕ್ಷಿಸಿ, ಎಲೆಚುಕ್ಕೆ ರೋಗದ ಎರಡು ಬಗೆಯ ಬೂಷ್ಟುಗಳಲ್ಲಿ ಯಾವುದು ಯಾವ ಕಾಲದಲ್ಲಿ ಮೇಲುಗೈಯಾಗಿತ್ತು, ಕಲ್ಲಿದ್ದಲ ಹೊಗೆಯ ಗಂಧಕಕ್ಕೂ ಅದಕ್ಕೂ ಏನು ಸಂಬಂಧ ಎಂಬುದನ್ನು 2005ರಲ್ಲಿ ಪ್ರಕಟಪಡಿಸಿದರು. ನೂರಅರವತ್ತು ವರ್ಷ ಹಳೆಯ ಹುಲ್ಲು ಸಾಕ್ಷಿ ನುಡಿಯಿತು! ದಾಖಲೆ ಇಡುವುದೆಂದರೆ ಹೀಗೆ.

ಬ್ರಾಡ್‌ಬಾಕಿನ ಹೊಲ ಹೇಳಿದ ಮುಖ್ಯ ಪಾಠ ಎಲ್ಲರಿಗೂ ಗೊತ್ತಿರುವಂಥದು: ಸಾರಜನಕವಿಲ್ಲದೆ ಗೋಧಿಯಿಲ್ಲ. ಆದರೆ ಅದೇ ಹೊಲದಲ್ಲಿ ಎರಡನೆಯ ಪಾಠವೂ ಇತ್ತು. 1905ರಲ್ಲಿ ಆ ಕೇಂದ್ರದ ಪ್ರಯೋಗಗಳನ್ನು ಗ್ರಂಥರೂಪಕ್ಕೆ ತಂದ ಹಾಲ್ ಅವರೂ ಅವರ ತರುವಾಯ ಬಂದ ರಸೆಲ್ ಅವರೂ ಇದನ್ನು ಗುರುತಿಸಿದ್ದಾರೆ. ಸಾರಜನಕವನ್ನು ಸುರಿದು ಪೊಟ್ಯಾಷನ್ನು ಕೊಡದಿದ್ದ ಪಟ್ಟಿಗಳ ಗೋಧಿಗೆ ತುಕ್ಕು ತಪ್ಪದೆ ಬರುತ್ತಿತ್ತು. ಬದಿಯ ಪಟ್ಟಿ ಶುಭ್ರವಾಗಿದ್ದ ವರ್ಷದಲ್ಲಿಯೂ ಇವು ಕೆಂಪಾಗುತ್ತಿದ್ದವು. ಒಂದೇ ಬೀಜ, ಒಂದೇ ಗಾಳಿ, ಒಂದೇ ಮಳೆ. ನಡುವೆ ಇದ್ದುದು ಕೆಲವು ಅಡಿಗಳ ದಾರಿ ಮಾತ್ರ. ದೃಷ್ಟಿ ತಾಕುವುದಾಗಿದ್ದರೆ ಎರಡಕ್ಕೂ ತಾಕಬೇಕಾಗಿತ್ತಲ್ಲವೆ?

ಇದನ್ನು ಪ್ರಯೋಗಶಾಲೆಗೆ ಒಯ್ದವರು ಕೇಂಬ್ರಿಜಿನ ಮಾರ್ಷಲ್ ವಾರ್ಡ್. ಕಾಫಿ ಕುಡಿಯುವ ನಾವು ಈ ಮಹಾನುಭಾವರನ್ನು ನೆನೆಯಬೇಕು. 1880ರಿಂದ 1882ರವರೆಗೆ ಸಿಂಹಳದಲ್ಲಿದ್ದು ಅಲ್ಲಿನ ಕಾಫಿ ತೋಟಗಳನ್ನು ನೆಲಸಮ ಮಾಡುತ್ತಿದ್ದ ಎಲೆತುಕ್ಕನ್ನು ಶೋಧಿಸಿದವರು ಇವರೇ. 1902ರಲ್ಲಿ ಇವರು ಗೋಧಿಯ ದೂರದ ನಂಟಿನ ಬ್ರೋಮಸ್ ಎಂಬ ಹುಲ್ಲನ್ನು ಕುಂಡಗಳಲ್ಲಿ ಬೆಳೆಸಿ, ಒಂದೊಂದು ಕುಂಡಕ್ಕೆ ಒಂದೊಂದು ಲವಣವನ್ನು ತಪ್ಪಿಸಿ, ಅವುಗಳ ಮೇಲೆ ತುಕ್ಕಿನ ಬೀಜಕಣಗಳನ್ನು ಹಾಕಿದರು. ಉಪವಾಸ ಬಿದ್ದ ಹುಲ್ಲು ರೋಗಕ್ಕೆ ಸುಲಭವಾಗಿ ತುತ್ತಾಗಬೇಕು ಎಂಬುದು ಲೋಕದ ಎಣಿಕೆ. ಹಾಗಾಗಲಿಲ್ಲ. ಉಪವಾಸದ ಹುಲ್ಲಿಗೂ ರೋಗ ಹತ್ತಿತು. ಆದರೆ ಅದರ ಮೇಲೆ ಎದ್ದ ಗುಳ್ಳೆಗಳು ಸಣ್ಣವು, ಅವು ಹೆತ್ತ ಬೀಜಕಣಗಳೂ ಕಡಮೆ. ಕಾರಣ ಸ್ಪಷ್ಟ. ಕೊಳೆತ ವಸ್ತುವನ್ನು ತಿನ್ನುವ ಬೂಷ್ಟುಗಳ ಜಾತಿಯದಲ್ಲ ಈ ತುಕ್ಕು. ಜೀವಂತ ಎಲೆಯ ಒಳಗೆ ಹೀರುಗೊಳವೆಯನ್ನಿಟ್ಟು, ಎಲೆ ತನಗೆಂದು ಮಾಡಿಕೊಂಡ ಅಡಿಗೆಯನ್ನು ಉಣ್ಣುವ ಅತಿಥಿ ಅದು. ಯಜಮಾನನ ಮನೆಯಲ್ಲಿ ಇಲ್ಲದ್ದು ಅತಿಥಿಗೆ ಎಲ್ಲಿಂದ ಬರಬೇಕು? ಯಜಮಾನನ ಮನೆ ತುಂಬಿದ್ದರೆ ಅತಿಥಿಯ ಸಂಸಾರವೂ ಬೆಳೆಯುತ್ತದೆ.

ವಾರ್ಡ್ ಅವರಿಗೆ ಇನ್ನೊಂದು ವಿಚಿತ್ರ ಕಂಡಿತು. ರೋಗ ತಟ್ಟದ ತಳಿಗಳಲ್ಲಿಯೂ ಬೂಷ್ಟು ಒಳಗೆ ನುಗ್ಗುತ್ತಿತ್ತು. ನುಗ್ಗಿದೊಡನೆ ಅದರ ಸುತ್ತಲಿನ ಎಲೆಯ ಕಣಗಳು ತಾವೇ ಸತ್ತುಹೋಗುತ್ತಿದ್ದವು. ಜೀವಂತ ಕಣದಲ್ಲಿ ಮಾತ್ರ ಬದುಕಬಲ್ಲ ಶತ್ರು ಆ ಸುಡುಗಾಡಿನಲ್ಲಿ ಹಸಿದು ಸಾಯುತ್ತಿತ್ತು. ಬೆಂಕಿ ಹರಡದಂತೆ ಪಕ್ಕದ ಗುಡಿಸಲನ್ನು ಕೆಡವುವ ಉಪಾಯವೇ ಇದು. ಅಮೆರಿಕದ ಮಿನೆಸೋಟದ ಸ್ಟೇಕ್‌ಮನ್ ಅವರು 1915ರಲ್ಲಿ ಇದನ್ನು ಗೋಧಿಯಲ್ಲಿ ವಿವರಿಸಿ ‘ಅತಿಸಂವೇದನೆ’ ಎಂಬರ್ಥದ ಹೆಸರು ಕೊಟ್ಟರು. ಮರುವರ್ಷವೇ, 1916ರಲ್ಲಿ, ಉತ್ತರ ಅಮೆರಿಕದಲ್ಲಿ ಕಪ್ಪು ತುಕ್ಕಿನ ಮಹಾಮಾರಿ ಬಂದಿತು. ಯುದ್ಧಕಾಲ, ಯುರೋಪಿಗೆ ರೊಟ್ಟಿ ಕಳುಹಿಸಬೇಕು, ಹೊಲದಲ್ಲಿ ಕಾಳಿಲ್ಲ. 1918ರಿಂದ ಆ ದೇಶದಲ್ಲಿ ಬಾರ್ಬೆರಿಯನ್ನು ಬೇರುಸಹಿತ ಕೀಳುವ ದೊಡ್ಡ ಕಾರ್ಯ ನಡೆಯಿತು.

ಇದೇ ಸ್ಟೇಕ್‌ಮನ್ ಅವರು ಆಮೋಟ್ ಎಂಬುವರೊಡನೆ 1924ರಲ್ಲಿ ಗೊಬ್ಬರಕ್ಕೂ ಕಪ್ಪು ತುಕ್ಕಿಗೂ ಇರುವ ಸಂಬಂಧವನ್ನು ಕುರಿತು ಒಂದು ಲೇಖನ ಪ್ರಕಟಿಸಿದರು. ಇದು ಬಹಳ ತೂಕದ ಕೆಲಸ. ಗೊಬ್ಬರವು ತಳಿಯ ಹುಟ್ಟುಗುಣವನ್ನು ಬದಲಿಸಲಾರದು. ಅದು ಬದಲಿಸುವುದು ಹೊಲದ ಸನ್ನಿವೇಶವನ್ನು ಎಂಬುದು ಅದರ ತಾತ್ಪರ್ಯ. ಸಾರಜನಕ ಹೆಚ್ಚಾದರೆ ಪೈರು ದಟ್ಟವಾಗುತ್ತದೆ, ಮಾಗುವುದು ತಡವಾಗುತ್ತದೆ. ದಟ್ಟವಾದ ಪೈರಿನೊಳಗೆ ಬೆಳಗಿನ ಇಬ್ಬನಿ ಹೊತ್ತೇರಿದರೂ ಆರುವುದಿಲ್ಲ. ಬೀಜಕಣ ಮೊಳೆಯಲು ಆ ತೇವ ಸಾಕು. ಮಾಗುವುದು ಹತ್ತು ದಿನ ತಡವಾದರೆ ರೋಗಕ್ಕೆ ಇನ್ನೊಂದು ತಲೆಮಾರು ಹೆರಲು ಕಾಲ ಸಿಕ್ಕಂತಾಯಿತು. ಗ್ರೀಸಿನ ಥಿಯೊಫ್ರಾಸ್ಟಸ್ ತಗ್ಗಿನ ಹೊಲದಲ್ಲಿ ಕಂಡದ್ದು ಇದನ್ನೇ.

ಈಗ ಗೋಧಿಯ ಒಳಗಿನ ಕಥೆಯನ್ನು ಸ್ವಲ್ಪ ನೋಡೋಣ. ಇತ್ತೀಚಿನ ದಶಕಗಳಲ್ಲಿ ಬಹಳ ತಿಳಿದುಬಂದಿದೆ. ಗಿಡಕ್ಕೆ ಕಾಲಿಲ್ಲ, ಸಂಕಟ ಬಂದಾಗ ಓಡಿಹೋಗಲಾರದು. ಆದ್ದರಿಂದ ಒಂದೊಂದು ಸಂಕಟಕ್ಕೂ ಒಂದೊಂದು ಉಪಾಯವನ್ನು ಒಳಗೇ ಇಟ್ಟುಕೊಂಡಿದೆ. ಬೂಷ್ಟು ನುಗ್ಗಿದರೆ ಕೆಲವು ಗಳಿಗೆಯಲ್ಲಿಯೇ ಆ ಸ್ಥಳದಲ್ಲಿ ಹೈಡ್ರೊಜನ್ ಪೆರಾಕ್ಸೈಡ್ ಉಕ್ಕುತ್ತದೆ. ನಾವು ಗಾಯ ತೊಳೆಯಲು ಬಳಸುವ ದ್ರವವೇ ಅದು. ಬಳಿಕ ಸ್ಯಾಲಿಸಿಲಿಕ್ ಆಮ್ಲವು ಸುದ್ದಿಗಾರನಂತೆ ಹರಡುತ್ತದೆ. ಆಸ್ಪಿರಿನ್ ಮಾತ್ರೆಗೆ ಇದು ಹತ್ತಿರದ ಬಂಧು. ನೀರಿನ ಅಭಾವವಾದಾಗ ಬೇರೊಂದು ರಸ, ಅಬ್ಸಿಸಿಕ್ ಆಮ್ಲ, ‘ಎಲೆಯ ರಂಧ್ರಗಳನ್ನು ಮುಚ್ಚಿ’ ಎಂದು ಆಜ್ಞೆ ಮಾಡುತ್ತದೆ. ಕಷ್ಟವಿರುವುದು ಇಲ್ಲಿ. ಈ ಎರಡು ಆಜ್ಞೆಗಳೂ ಒಂದನ್ನೊಂದು ಹಲವು ವೇಳೆ ತಡೆಯುತ್ತವೆ. ಎರಡು ಸಂಕಟ ಒಟ್ಟಿಗೆ ಬಂದರೆ ಗಿಡವು ಎರಡಕ್ಕೂ ಪೂರ್ತಿ ಗಮನ ಕೊಡಲಾರದು. ಮಳೆ ಹಿಂಗಿದ ಮೇಲೆ ಎರೆಯ ಹಸಿಯನ್ನೇ ನಂಬಿ ಹಿಂಗಾರಿನಲ್ಲಿ ಗೋಧಿ ಬೆಳೆಯುವ ನಮ್ಮ ಬಯಲುಸೀಮೆಗೆ ಈ ಮಾತು ಚೆನ್ನಾಗಿ ಅನ್ವಯಿಸುತ್ತದೆ.

ತುಕ್ಕು ಹಿಡಿದ ಎಲೆಗೆ ನೀರಿನ ಲೆಕ್ಕ ತಪ್ಪುತ್ತದೆ. ಸಾವಿರಾರು ಗುಳ್ಳೆಗಳು ಎಲೆಯ ಮೇಲ್ಚರ್ಮವನ್ನು ಹರಿದುಕೊಂಡು ಹೊರಬರುವುದರಿಂದ, ರಂಧ್ರಗಳನ್ನು ಎಷ್ಟು ಬಿಗಿಯಾಗಿ ಮುಚ್ಚಿಕೊಂಡರೂ ಆ ಹರಕುಗಳಿಂದ ನೀರು ಹೊರಟೇಹೋಗುತ್ತದೆ. ಬಾಗಿಲಿಗೆ ಬೀಗ ಹಾಕಿ ಗೋಡೆ ಬಿರುಕು ಬಿಟ್ಟ ಮನೆಯ ಪರಿ. ಇತ್ತ ಎಲೆಯ ಸಕ್ಕರೆಯನ್ನು ಬೂಷ್ಟು ಹಿಡಿದಿಟ್ಟುಕೊಳ್ಳುವುದರಿಂದ ಬೇರಿಗೆ ಊಟವಿಲ್ಲ, ಬೇರು ಆಳಕ್ಕಿಳಿಯುವುದಿಲ್ಲ. ಸಾರಜನಕದ ಪಾತ್ರ ಬರುವುದು ಇದರ ನಡುವೆ. ಎಲೆಯಲ್ಲಿರುವ ಸಾರಜನಕದ ಬಹುಭಾಗ ಹಸಿರು ಕಣಗಳಲ್ಲಿರುತ್ತದೆ. ತೆನೆ ಕಟ್ಟುವಾಗ ಎಲೆಯು ತನ್ನನ್ನು ತಾನೇ ಕರಗಿಸಿಕೊಂಡು ಆ ಸಾರವನ್ನು ಕಾಳಿಗೆ ಕಳುಹಿಸಬೇಕು. ನಡುದಾರಿಯಲ್ಲಿ ಬೂಷ್ಟು ಕುಳಿತಿದ್ದರೆ ಅದು ಸುಂಕ ವಸೂಲು ಮಾಡುತ್ತದೆ, ಕಾಳು ಜೊಳ್ಳಾಗುತ್ತದೆ. ಅತಿಯಾದ ಸಾರಜನಕದಿಂದ ಎಲೆ ಮೊದಲೇ ವಿಸ್ತಾರವಾಗಿ ಬೆಳೆದು ನೆಲದ ಹಸಿಯನ್ನು ಹೀರಿ ಮುಗಿಸಿದ್ದರಂತೂ, ರೋಗವಿಲ್ಲದೆಯೂ ತೆನೆ ಕಟ್ಟುವ ಹೊತ್ತಿಗೆ ಪೈರು ಹುಲ್ಲಾಗಿ ಒಣಗುವುದುಂಟು. ಆಸ್ಟ್ರೇಲಿಯದ ಒಣಭೂಮಿಯ ರೈತರು ಇದನ್ನು ಚೆನ್ನಾಗಿ ಬಲ್ಲರು.

ಹಾಗಾದರೆ ಸಾರಜನಕವೇ ವಿಷವೆ? ಹಾಗೆ ಹೇಳುವವರು ಇದ್ದಾರೆ. ನನಗೆ ಆ ಮಾತು ಸರಿಕಾಣುವುದಿಲ್ಲ. ರೋಗದೊಡನೆ ಹೋರಾಡುವ ಆಯುಧಗಳನ್ನು ಎರಕ ಹೊಯ್ಯುವುದಕ್ಕೂ ಗಿಡಕ್ಕೆ ಸಾರಜನಕ ಬೇಕು. ಎಲ್ಲ ಬೂಷ್ಟುಗಳ ಸ್ವಭಾವವೂ ಒಂದೇ ಅಲ್ಲ. ತುಕ್ಕು, ಬೂದಿರೋಗಗಳು ಜೀವಂತ ಕಣವನ್ನು ಬಯಸುವುದರಿಂದ ಸಾರಜನಕ ಹೆಚ್ಚಾದಷ್ಟೂ ಅವು ಕೊಬ್ಬುತ್ತವೆ. ಕಣವನ್ನು ಕೊಂದು ತಿನ್ನುವ ಕೆಲವು ಎಲೆಚುಕ್ಕೆಗಳ ವಿಷಯದಲ್ಲಿ ಇದಕ್ಕೆ ವಿರುದ್ಧ. ಹಸಿದು ಬೇಗ ಹಳದಿಯಾದ ಎಲೆಯೇ ಅವಕ್ಕೆ ಇಷ್ಟ.

ಆದರೆ ಇಪ್ಪತ್ತನೆಯ ಶತಮಾನದಲ್ಲಿ ಸಾರಜನಕ ಪ್ರವಾಹದಂತೆ ಬಂದಿತು. 1898ರಲ್ಲಿ ಬ್ರಿಸ್ಟಲಿನ ಸಭೆಯಲ್ಲಿ ಸರ್ ವಿಲಿಯಂ ಕ್ರೂಕ್ಸ್ ಅವರು, ಗೋಧಿ ತಿನ್ನುವ ಜನಾಂಗಗಳಿಗೆ ಇನ್ನು ಕೆಲವು ದಶಕಗಳಲ್ಲಿ ಗೋಧಿ ಸಾಲದೆ ಹೋಗುತ್ತದೆ, ಗಾಳಿಯಲ್ಲಿರುವ ಸಾರಜನಕವನ್ನು ಹಿಡಿದು ಹೊಲಕ್ಕೆ ಇಳಿಸಬೇಕು ಎಂದು ಎಚ್ಚರಿಸಿದರು. 1909ರಲ್ಲಿ ಹಾಬರ್ ಅದನ್ನು ಮೇಜಿನ ಮೇಲೆ ಮಾಡಿ ತೋರಿಸಿದರು. 1913ರಲ್ಲಿ ಬಾಷ್ ಅವರ ಕಾರ್ಖಾನೆ ಜರ್ಮನಿಯ ಓಪ್ಪೌ ಎಂಬಲ್ಲಿ ಹೊಗೆಯಾಡಿತು. ಅದರಿಂದ ಮೊದಲು ಗೊಬ್ಬರವಾಯಿತು, ಮರುವರ್ಷವೇ ಬಂದ ಯುದ್ಧಕ್ಕೆ ಮದ್ದುಗುಂಡೂ ಆಯಿತು. ಕನ್ನಡನಾಡು ಈ ವಿಷಯದಲ್ಲಿ ಹಿಂದೆ ಬೀಳಲಿಲ್ಲ. ಮೈಸೂರಿನ ಬಳಿಯ ಬೆಳಗೊಳದಲ್ಲಿ 1940ರ ಸುಮಾರಿಗೇ ಗಾಳಿಯಿಂದ ಅಮೋನಿಯ ತೆಗೆದು ಗೊಬ್ಬರ ಮಾಡುವ ಕಾರ್ಖಾನೆ ಎದ್ದಿತು. ಭಾರತದಲ್ಲಿ ಅದೇ ಮೊದಲನೆಯದು. ಸಿಂದ್ರಿಯ ದೊಡ್ಡ ಕಾರ್ಖಾನೆ ಕೆಲಸಕ್ಕೆ ತೊಡಗಿದ್ದು 1951ರಲ್ಲಿ.

ಇವೆರಡರ ನಡುವೆ 1946–47ರ ಹಂಗಾಮು ಬರುತ್ತದೆ. ಮಧ್ಯ ಭಾರತದಲ್ಲಿ ಕಪ್ಪು ತುಕ್ಕು ಬಿದ್ದು ಸುಮಾರು 20 ಲಕ್ಷ ಟನ್ನು ಗೋಧಿ ನಷ್ಟವಾಯಿತು. ಬಂಗಾಳದ ಕ್ಷಾಮ ಮುಗಿದು ಮೂರು ವರ್ಷವಾಗಿರಲಿಲ್ಲ. ದೇಶವೆಲ್ಲ ರೇಷನ್ ಅಂಗಡಿಯ ಸಾಲಿನಲ್ಲಿ ನಿಂತಿತ್ತು. ಸ್ವಾತಂತ್ರ್ಯ ಬಂದ ವರ್ಷದ ಕಣಜ ಹೀಗಿತ್ತು. ಸ್ಲೀಮನ್ನರ ಕಾಲದಲ್ಲಿ ನರ್ಮದೆಯ ದಂಡೆಯಲ್ಲಿ ಆದದ್ದು ಮತ್ತೆ ಅದೇ ಸೀಮೆಯಲ್ಲಿ ಆಯಿತು.

ಈ ರೋಗ ಪ್ರತಿ ವರ್ಷ ಎಲ್ಲಿಂದ ಬರುತ್ತದೆಂಬುದನ್ನು ಅಷ್ಟರಲ್ಲಿ ಕಂಡುಹಿಡಿದಿದ್ದವರು ಆಗ್ರಾ ಕಾಲೇಜಿನ ಪ್ರೊಫೆಸರ್ ಕರಮ್ ಚಂದ್ ಮೆಹತಾ. ಇವರ ಹೆಸರು ನಮ್ಮ ಶಾಲೆಯ ಪುಸ್ತಕಗಳಲ್ಲಿ ಇಲ್ಲದಿರುವುದು ಖೇದದ ಸಂಗತಿ. ಬಯಲುನಾಡಿನ ಬೇಸಿಗೆಯ ಬಿಸಿಲಿಗೆ ತುಕ್ಕಿನ ಬೀಜಕಣ ಉಳಿಯಲಾರದು. ನಮ್ಮ ದೇಶದಲ್ಲಿ ಬಾರ್ಬೆರಿಯ ಪಾತ್ರವೂ ಇಲ್ಲವೆನ್ನುವಷ್ಟು. ಹಾಗಿದ್ದೂ ಚಳಿಗಾಲಕ್ಕೆ ಅದು ಮತ್ತೆ ಹಾಜರಾಗುತ್ತದೆ. ಮೆಹತಾ ಅವರು ಊರೂರಿನಲ್ಲಿ ಗಾಜಿನ ತುಂಡುಗಳನ್ನಿಟ್ಟು ಗಾಳಿಯಲ್ಲಿ ತೇಲುವ ಕಣಗಳನ್ನು ಹಿಡಿದು, ವರ್ಷಗಟ್ಟಲೆ ಅಲೆದು, ರೋಗದ ತವರು ತಂಪಾದ ಬೆಟ್ಟಗಳೆಂದು ಸಿದ್ಧಪಡಿಸಿದರು. ಉತ್ತರಕ್ಕೆ ಹಿಮಾಲಯ, ದಕ್ಷಿಣಕ್ಕೆ ನೀಲಗಿರಿ, ಪಳನಿ ಬೆಟ್ಟಗಳು. ಅವರ ಗ್ರಂಥದ ಮೊದಲ ಭಾಗ 1940ರಲ್ಲಿಯೂ ಎರಡನೆಯದು ಅವರು ತೀರಿಕೊಂಡ ಮೇಲೆ 1952ರಲ್ಲಿಯೂ ಅಚ್ಚಾದವು. ನವೆಂಬರ್ ತಿಂಗಳಲ್ಲಿ ಬಂಗಾಳ ಕೊಲ್ಲಿಯಲ್ಲೇಳುವ ಚಂಡಮಾರುತಗಳು ನೀಲಗಿರಿಯ ಕಣಗಳನ್ನು ಎತ್ತಿ ಉತ್ತರಕ್ಕೆ ಒಯ್ದು ಮಳೆಯೊಡನೆ ಇಳಿಸುತ್ತವೆಂಬುದನ್ನು 1970ರ ದಶಕದಲ್ಲಿ ಭಾರತೀಯ ವಿಜ್ಞಾನಿಗಳು ವಿವರಿಸಿದರು. ಆ ದಾರಿಯಲ್ಲಿ ಕರ್ನಾಟಕದ್ದು ಮೊದಲ ತಂಗುದಾಣ. ರೇಡಿಯೋದಲ್ಲಿ ಹವೆಯ ವರ್ತಮಾನ ಬಂದಾಗ ‘ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ’ ಎಂಬ ಮಾತನ್ನು ಪಟ್ಟಣದ ನಾವು ಕೊಡೆ ಹುಡುಕುವುದಕ್ಕೆ ಕೇಳುತ್ತೇವೆ. ಗೋಧಿ ಬೆಳೆದವನಿಗೆ ಅದರಲ್ಲಿ ಬೇರೊಂದು ಸುದ್ದಿ ಇರುತ್ತದೆ.

ಮುಂದಿನ ಕಥೆ ಹೆಚ್ಚಿನವರಿಗೆ ಪರಿಚಿತವಾದುದು. ಸ್ಟೇಕ್‌ಮನ್ನರ ಶಿಷ್ಯರಾದ ನಾರ್ಮನ್ ಬೋರ್ಲಾಗ್ 1944ರಲ್ಲಿ ಮೆಕ್ಸಿಕೋಗೆ ಹೋದದ್ದು ಮುಖ್ಯವಾಗಿ ಕಪ್ಪು ತುಕ್ಕಿನೊಡನೆ ಹೋರಾಡುವುದಕ್ಕೆ. ರೋಗ ತಡೆಯುವ ತಳಿ ಬಂದಿತು, ಗೊಬ್ಬರ ಹಾಕಿದರು. ಎತ್ತರದ ಗೋಧಿ ತೆನೆಯ ಭಾರಕ್ಕೆ ಮಗುಚಿ ಬಿದ್ದಿತು. ಹೆಕ್ಟೇರಿಗೆ ಸುಮಾರು 40 ಕಿಲೋ ಸಾರಜನಕ ದಾಟಿದರೆ ಹಳೆಯ ತಳಿಗಳು ನಿಲ್ಲುತ್ತಿರಲಿಲ್ಲ. ಜಪಾನಿನ ನೋರಿನ್ 10 ಎಂಬ ಕುಳ್ಳ ಗೋಧಿಯ ಸಂತಾನವನ್ನು ಕೂಡಿಸಿದಾಗ 120 ಕಿಲೋಗೂ ಅಲುಗದ ಗಿಡ ಸಿಕ್ಕಿತು. 1966ರಲ್ಲಿ ಭಾರತ ಆ ಜಾತಿಯ 18,000 ಟನ್ ಬೀಜವನ್ನು ಮೆಕ್ಸಿಕೋದಿಂದ ತರಿಸಿತು. ಅದೇ ವರ್ಷ ಆಕಾಶವಾಣಿಯಲ್ಲಿ ಕೃಷಿ ಮತ್ತು ಗೃಹ ವಿಭಾಗಗಳು ತೆರೆದವು. 1964–65ರಲ್ಲಿ ಸುಮಾರು 120 ಲಕ್ಷ ಟನ್ನಿದ್ದ ಗೋಧಿ 1967–68ರಲ್ಲಿ 165 ಲಕ್ಷ ಟನ್ನಾಯಿತು. ಮರುಜುಲೈನಲ್ಲಿ ಸರ್ಕಾರ ಗೋಧಿ ಕ್ರಾಂತಿಯ ಅಂಚೆಚೀಟಿ ಹೊರಡಿಸಿತು.

ಕ್ಷಾಮದ ಭಯ ಹೋಯಿತು, ಇದನ್ನು ಕಡೆಗಣಿಸುವವರು ರೇಷನ್ ಸಾಲಿನಲ್ಲಿ ನಿಂತಿರಲಾರರು. ಆದರೆ ಹಸಿರು ಹೊಲದ ಹಳೆಯ ಒಗಟು ದೊಡ್ಡದಾಗಿ ಮರಳಿತು. ಮೈಲಿಗಟ್ಟಲೆ ಒಂದೇ ತಳಿ. ಎಲ್ಲಕ್ಕೂ ಸಾರಜನಕದ ಔತಣ, ಪೊಟ್ಯಾಷಿನ ಕಡೆಗೆ ಅಸಡ್ಡೆ. ಕಲ್ಯಾಣ ಸೋನಾ ಎಂಬ ಪ್ರಸಿದ್ಧ ತಳಿ 1970ರ ದಶಕದಲ್ಲಿಯೇ ಕಂದು ತುಕ್ಕಿಗೆ ಸೋತಿತು. ಬೂಷ್ಟು ತನ್ನ ರೂಪವನ್ನು ಬದಲಿಸುತ್ತಲೇ ಇರುತ್ತದೆ. 1998ರಲ್ಲಿ ಉಗಾಂಡದಲ್ಲಿ ಕಂಡ ‘ಯುಜಿ 99’ ಎಂಬ ಕಪ್ಪು ತುಕ್ಕಿನ ಹೊಸ ಕುಲ 2007ರ ಹೊತ್ತಿಗೆ ಇರಾನಿನಲ್ಲಿತ್ತು. ತೊಂಬತ್ತು ದಾಟಿದ ಬೋರ್ಲಾಗ್ 2005ರಲ್ಲಿ ಮತ್ತೆ ಊರೂರು ತಿರುಗಿ ಎಚ್ಚರಿಕೆ ಹೇಳಬೇಕಾಯಿತು. 2016ರಲ್ಲಿ ಗೋಧಿಯ ಬೆಂಕಿರೋಗ ಬ್ರೆಜಿಲಿನ ಕಡೆಯಿಂದ ಬಂದು ಬಾಂಗ್ಲಾದೇಶದಲ್ಲಿ ಸುಮಾರು 15,000 ಹೆಕ್ಟೇರನ್ನು ಸುಟ್ಟಿತು.

ನಮ್ಮ ಸದಕ ಗೋಧಿಯ ಮಾತನ್ನು ಹೇಳದೆ ಬಿಟ್ಟರೆ ನ್ಯಾಯವಾಗದು. ಕೆಲವರು ಇದನ್ನು ಜವೆ ಗೋಧಿ ಎನ್ನುತ್ತಾರೆ, ಮರಾಠಿಯ ಕಡೆಯವರು ಖಪ್ಲಿ ಎನ್ನುತ್ತಾರೆ. ಹೋಳಿಗೆಗೂ ಪಾಯಸಕ್ಕೂ ಇದರ ರವೆಯೇ ಆಗಬೇಕೆಂದು ಉತ್ತರ ಕರ್ನಾಟಕದ ತಾಯಂದಿರ ಹಟ. ಸಿಪ್ಪೆ ಬಿಡದ, ಕುಟ್ಟಿ ತೆಗೆಯಬೇಕಾದ ಈ ಕಾಳನ್ನು ಹೊಸ ಕಾಲದವರು ಬಡವನ ಬೆಳೆಯೆಂದು ಮೂಲೆಗೆ ಸರಿಸಿದರು. ಸ್ಟೇಕ್‌ಮನ್ ಅವರು ಸಹೋದ್ಯೋಗಿ ಲೆವೀನರೊಡನೆ ಕಪ್ಪು ತುಕ್ಕಿನ ಕುಲಗಳನ್ನು ವಿಂಗಡಿಸಲು 1922ರಲ್ಲಿ ಹನ್ನೆರಡು ಗೋಧಿಗಳನ್ನು ಒರೆಗಲ್ಲುಗಳಾಗಿ ಆರಿಸಿಕೊಂಡರು. ಆ ಹನ್ನೆರಡರಲ್ಲಿ ಒಂದು ಭಾರತದಿಂದ ಹೋದ ಖಪ್ಲಿ. ಉಳಿದವು ಒಂದಲ್ಲ ಒಂದು ಕುಲಕ್ಕೆ ಕೆಂಪಾದಾಗಲೂ ಇದು ಬಹುತೇಕ ಕುಲಗಳನ್ನು ತಡೆದು ನಿಂತಿತು. ಆಸ್ಟ್ರೇಲಿಯದ ವಾಟರ್‌ಹೌಸ್ ಎಂಬುವರು ಇದರ ರಕ್ತವನ್ನು ತಮ್ಮ ಗೋಧಿಗೆ ಬೆರೆಸಿ ‘ಖಪ್‌ಸ್ಟೈನ್’ ಎಂಬ ತಳಿಯನ್ನೇ ಮಾಡಿದರು. ಸದಕಕ್ಕೆ ಇದ್ದ ಕೊರತೆ ಒಂದೇ. ಉದ್ದನೆಯ ದಂಟು, ಸಾರಜನಕ ಕೊಟ್ಟರೆ ನೆಲಕ್ಕೊರಗುತ್ತಿತ್ತು. ಧಾರವಾಡದ ಕೃಷಿ ವಿಶ್ವವಿದ್ಯಾಲಯದವರು ಅದರ ಎತ್ತರ ತಗ್ಗಿಸಿ ‘ಡಿ.ಡಿ.ಕೆ. 1009’ ಮೊದಲಾದ ಗಿಡ್ಡ ಸದಕಗಳನ್ನು ಹೊರತಂದಿದ್ದಾರೆ. ನೀಲಗಿರಿಯಿಂದ ಬರುವ ಗಾಳಿ ಮೊದಲು ಇಳಿಯುವ ಸೀಮೆಯಲ್ಲಿಯೇ ಅವು ಬೆಳೆಯುತ್ತಿವೆ.